ಬೋರ್ ಕೊರೆಸುವ ಮುನ್ನ

ಚಿತ್ರದುರ್ಗ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೊಳಲ್ಕೆರೆ ಕಡೆ ಹಳ್ಳದ ಮಗ್ಗುಲಲ್ಲಿರುವ ಒಂದು ಎಕರೆಗೆ ಅಡಿಕೆ ಹಾಕ್ತೀನಿ, ಸಾವಿರ ಅಡಿ ಬೋರ್ ಕೊರೆಸ್ತೀನಿ ಎಂದು ಬರೆದಿದ್ದೀಯ. ಅಡಿಕೆ ಹಾಕಪ್ಪಾ. ಸಾವಿರ ಅಡಿಯ ಮಾತನ್ನು ಸ್ವಲ್ಪ ತಡೆ.

ನಮ್ಮ ಸೀಮೆಯ ನೆಲದಡಿ ಇರುವುದು ಗ್ರಾನೈಟ್, ನೈಸ್, ಶಿಸ್ಟ್‌ನಂಥ ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕು ಬಿಗಿಯುತ್ತವೆ, ವಿರಳವೂ ಆಗುತ್ತವೆ. ಅಷ್ಟು ಕೆಳಗೆ ಒಂದು ಗ್ಯಾಪ್, ಅಂದರೆ ನೀರಿರುವ ಬಿರುಕು, ಸಿಕ್ಕಿದರೂ ಅದು ಖಾಲಿಯಾದ ಮೇಲೆ ಒಂದು ಮಳೆಗಾಲಕ್ಕೆ ತುಂಬುತ್ತದೆ ಎಂದು ನಂಬಬೇಡ.

ಇಂಚಿನ ಲೆಕ್ಕ ಸರಿಯಾಗಿ ತಿಳಿದುಕೋ. ತಗಡಿನಲ್ಲಿ ಕತ್ತರಿಸಿದ 90 ಡಿಗ್ರಿಯ ‘V’ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರವನ್ನೇ ಬೋರಿನವರು ಇಂಚು ಎನ್ನುವುದು. 1 ಇಂಚೆಂದರೆ ಗಂಟೆಗೆ ಸುಮಾರು 500 ಲೀಟರ್. 2 ಇಂಚೆಂದರೆ ಸಾವಿರವಲ್ಲ, ಸುಮಾರು 2,900. ನೀರು ಏರಿದಂತೆ ಕಚ್ಚಿನ ಅಗಲವೂ ಹೆಚ್ಚುತ್ತದೆ, ಹರಿವಿನ ವೇಗವೂ ಹೆಚ್ಚುತ್ತದೆ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 540 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಗಿಡಕ್ಕೆ 20 ಲೀಟರ್ ಹಿಡಿ, ದಿನಕ್ಕೆ ಸುಮಾರು 11,000 ಲೀಟರ್. ಗಟ್ಟಿಯಾಗಿ ನಿಲ್ಲುವ 2 ಇಂಚು ನೀರಿದ್ದರೆ ನಾಲ್ಕು ಗಂಟೆ ಮೋಟಾರು ಓಡಿದರೆ ಸಾಕು. ಆದರೆ ಕೊರೆದ ದಿನ ಕಂಪ್ರೆಸರ್ ಗಾಳಿಗೆ ಚಿಮ್ಮುವುದು ಬಿರುಕಲ್ಲಿ ಕೂಡಿದ್ದ ನೀರು, ಅದನ್ನು ನೋಡಿ ಮೋಟಾರು ಕೊಳ್ಳಬೇಡ. ಏಪ್ರಿಲ್-ಮೇನಲ್ಲಿ ಒಂದೇ ಸಮನೆ ಪಂಪ್ ಓಡಿಸಿ, ಗಂಟೆಗೊಮ್ಮೆ ಬೋರಿನೊಳಗಿನ ನೀರಿನ ಮಟ್ಟ ಅಳೆ. ಮಟ್ಟ ಒಂದು ಕಡೆ ನಿಲ್ಲದೆ ಇಳಿಯುತ್ತಲೇ ಹೋದರೆ ನೀನು ಎತ್ತುತ್ತಿರುವುದು ಬರುವ ನೀರಿಗಿಂತ ಹೆಚ್ಚು.

ಹಳ್ಳ ಒಣಗಿದೆ ಎಂದು ಅದರ ಪಾತ್ರವನ್ನು ಒತ್ತಬೇಡ. ವೇದಾವತಿಯ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಾಲ್ಕಾರು ವರ್ಷ ನೀರು ಬರಲಿಲ್ಲವೆಂದು ಬರುವುದೇ ಇಲ್ಲ ಅನ್ನುವ ಹಾಗಿಲ್ಲ. ಹಳ್ಳದ ತಿರುವಿನ ಹೊರದಂಡೆಯಲ್ಲಿ ನೀರು ರಭಸವಾಗಿ ಬಡಿದು ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಬಿಡುತ್ತದೆ. ಹೊರದಂಡೆಯ ಅಂಚಿಗೆ ಪಂಪ್ ಮನೆ ಬೇಡ. ಬೇಲಿಗೆ, ಜಾಲಿ ಮುಳ್ಳಿಗೆ ಸಿಕ್ಕಿಕೊಂಡ ಕಸಕಡ್ಡಿಯ ಎತ್ತರ ನೋಡಿ, ಸ್ಟಾರ್ಟರ್ ಪೆಟ್ಟಿಗೆಯನ್ನು ಅದಕ್ಕಿಂತ ಮೇಲಿಡು.

ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆಯಾದರೆ ಒಂದು ಲಕ್ಷ ಲೀಟರ್ ನೀರು. ಅದರಲ್ಲಿ ಹರಿದು ಹೋಗುವಷ್ಟನ್ನಾದರೂ ಹಿಡಿದು ಬೋರಿಗೆ ಇಂಗಿಸು. ಬೋರಿನ ಸುತ್ತ 10 ಅಡಿ ಚೌಕ, 10 ಅಡಿ ಆಳದ ಗುಂಡಿ ತೆಗೆಸು. ಗುಂಡಿಯ ಕೆಳಭಾಗದಲ್ಲಷ್ಟೇ ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೊಳವೆಗೆ, ಅಂದರೆ ಕೇಸಿಂಗ್‌ಗೆ ತೂತು ಹಾಕಿಸಿ, ನೈಲಾನ್ ಜಾಲರಿ ಬಿಗಿಯಾಗಿ ಸುತ್ತಿಸು. ತಳಕ್ಕೆ ದಪ್ಪ ಕಲ್ಲು, ಮೇಲೆ 40 ಎಂಎಂ ಜಲ್ಲಿ, ಆಮೇಲೆ 20 ಎಂಎಂ, ಕೊನೆಗೆ ಮರಳು. ಕೆಸರು ನೀರು ನೇರ ಬಂದರೆ ಒಂದೆರಡು ಮಳೆಗೇ ಮರಳಿನ ಮೇಲೆ ಹೂಳು ಕಟ್ಟಿ ಗುಂಡಿ ಕೆರೆಯಾಗಿ ನಿಲ್ಲುತ್ತದೆ, ಹಾಗಾಗಿ ಮುಂಚೆ ಒಂದು ಹೂಳುಗುಂಡಿ ಇರಲೇಬೇಕು. ಮುಂಗಾರಿಗೆ ಮೊದಲು ಮೇಲಿನ ಮರಳು ಕೆರೆದು ಬದಲಿಸು. ಔಷಧ ಹೊಡೆದ ತೋಟದ ನೀರನ್ನೂ, ಕೊಟ್ಟಿಗೆಯ ನೀರನ್ನೂ ಇದಕ್ಕೆ ಎಂದೂ ತಿರುಗಿಸಬೇಡ.

ಬೋರಿನ ನೀರನ್ನು ಕುಡಿಯುವುದಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸು. ಲೀಟರಿಗೆ 1.5 ಮಿ.ಗ್ರಾಂ ದಾಟಿದ್ದರೆ ಮಕ್ಕಳಿಗೆ ಕೊಡಲೇಬೇಡ. ಕಾಯಿಸಿದರೂ ಅದು ಹೋಗುವುದಿಲ್ಲ.

ಅಕ್ಕಪಕ್ಕದ ಬೋರ್‌ಗಳಿಗೆ ಕೇಸಿಂಗ್ ಎಷ್ಟಡಿ ಇಳಿದಿದೆ, ಮೊದಲ ನೀರು ಎಷ್ಟಡಿಗೆ ಸಿಕ್ಕಿತು, ಈಗ ಯಾವುದು ಬತ್ತಿದೆ ಎಂದು ಕೇಳಿ ಬರೆ. ಆಮೇಲೆ ಜಾಗ ಗುರುತು ಮಾಡೋಣ.

ನಿನ್ನ ದೊಡ್ಡಪ್ಪ