19ರ ಹುಡುಗ ದೊಡ್ಡವನೋ, ಚಿಕ್ಕವನೋ?

ಮಾನ್ಯ ಸಂಪಾದಕರೇ,

ವಿದೇಶಿ ಹುಡುಗಿಯ ಪೋಷಕತ್ವದ ಅರ್ಜಿಯನ್ನು ನಮ್ಮ ಕೋರ್ಟಿನಲ್ಲಿ ವಾಪಸ್ ಕೊಟ್ಟ ಸುದ್ದಿಯನ್ನು ಒಳಪುಟದಲ್ಲಿ ಹಾಕಿದ್ದೀರಿ. ನಿನ್ನೆ ಅದೇ ಕಟ್ಟಡದಲ್ಲಿ ನನಗೂ ಅದೇ ಮರ್ಯಾದೆ ಆಯಿತು.

ತೀರಿಹೋದ ನಮ್ಮಕ್ಕನ ಮಗ ಥಾಯ್ಲೆಂಡಿನ ಪ್ರಜೆ. ವಯಸ್ಸು 19. ಅಪ್ಪನೂ ಇಲ್ಲ. ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾನೆ. ಅವರ ದೇಶದಲ್ಲಿ 20 ತುಂಬುವವರೆಗೆ ಅಪ್ರಾಪ್ತ. ಅಪ್ಪ ಬಿಟ್ಟುಹೋದ ಹಣ ಬೇಕಾದರೆ ಕೋರ್ಟು ನೇಮಿಸಿದ ಪೋಷಕರ ಸಹಿ ಬೇಕು ಎಂದು ಅಲ್ಲಿಂದ ಪತ್ರ ಬಂದಿದೆ. ಇಲ್ಲಿ ಕೌಂಟರಿನವರು ಪಾಸ್‌ಪೋರ್ಟಿನ ಹುಟ್ಟಿದ ದಿನಾಂಕದ ಮೇಲೆ ಪೆನ್ನು ಕುಟ್ಟಿ, "18 ಆಗಿದೆಯಲ್ರೀ, ಇನ್ನೆಂಥ ಪೋಷಕ?" ಅಂದರು. ಸ್ವಾಮಿ, ಅವನ ಮೀಸೆ ನಮಗೂ ಕಾಣುತ್ತದೆ. ಆದರೆ 18 ಎನ್ನುವ 1875ರ ಕಾಯ್ದೆ ಮಾತಾಡುವುದು ಭಾರತದಲ್ಲಿ ಕಾಯಂ ನೆಲೆ ಇರುವವರ ಬಗ್ಗೆ. ಇವನ ನೆಲೆ ಯಾವುದೆಂದು ಯಾರೂ ಕೇಳಲೇ ಇಲ್ಲ. 1890ರ ಪೋಷಕರ ಕಾಯ್ದೆಯೂ ಅಪ್ರಾಪ್ತರು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿಗೆ ಅಧಿಕಾರ ಕೊಡುತ್ತದೆ. ಪಾಸ್‌ಪೋರ್ಟಿನ ಬಣ್ಣ ನೋಡಿ ಅಂತ ಅದರಲ್ಲಿಲ್ಲ.

ಕೌಟುಂಬಿಕ ನ್ಯಾಯಾಲಯದಲ್ಲಿ "ಹಣದ ವಿಷಯ, ಜಿಲ್ಲಾ ಕೋರ್ಟಿಗೆ ಹೋಗಿ" ಅಂತಾರೆ. ಅಲ್ಲಿ "ಹಣ ಬೇರೆ ದೇಶದ್ದು, ನಮಗೇನು?" ಲಿಫ್ಟ್ ಕೆಟ್ಟಿದೆ, ನನ್ನ ಮಂಡಿಯೂ ಕೆಟ್ಟಿದೆ. ರಜೆ ಹಾಳು, ನೋಟರಿಗೆ ದುಡ್ಡು ದಂಡ. ಥಾಯ್ ಪತ್ರಗಳ ಅನುವಾದಕ್ಕೆ ಜಾಸ್ತಿ ಕೊಟ್ಟಿದ್ದೆ, ಮೊಹರು ವಾರೆಯಾಗಿದೆ ಎಂದು ಅದೂ ವಾಪಸ್!

ಅಂತೂ ಹುಡುಗ ವಿಮಾನ ಹತ್ತಿದರೆ ಚಿಕ್ಕವನು, ಇಳಿದರೆ ದೊಡ್ಡವನು. ಥಾಯ್ಲೆಂಡಿನಲ್ಲಿ ಮದುವೆಯಾದವರು 20ಕ್ಕೆ ಮೊದಲೇ ಪ್ರಾಪ್ತರಾಗುತ್ತಾರಂತೆ. ಹಾಗಾದರೆ ಅರ್ಜಿ ಬಿಟ್ಟು ಹೆಣ್ಣು ನೋಡೋಣವೆಂದರೆ, ಇಲ್ಲಿ ಗಂಡಿಗೆ 21 ಆಗಬೇಕು! ನಮ್ಮಲ್ಲೇ 1999ರವರೆಗೆ ಕೋರ್ಟು ಪೋಷಕರನ್ನು ನೇಮಿಸಿದ ಮಕ್ಕಳಿಗೆ ಪ್ರಾಪ್ತ ವಯಸ್ಸು 21 ಇತ್ತು. ಜಪಾನಿನವರು 2022ರಲ್ಲಿ 20ನ್ನು 18ಕ್ಕೆ ಇಳಿಸಿದರು, ದಕ್ಷಿಣ ಕೊರಿಯಾದಲ್ಲಿ 19. ಇದನ್ನೊಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲೂ ಇವರಿಗೆ ಪುರುಸೊತ್ತಿಲ್ಲ, ಅಲ್ವಾ?

ಅಕ್ಕನ ಮರಣ ಪ್ರಮಾಣಪತ್ರದಲ್ಲಿ ಹೆಸರು ತಪ್ಪು ಬರೆದು, ತಿದ್ದಲು ನಮ್ಮಿಂದಲೇ ಅಫಿಡವಿಟ್ ಕೇಳಿದವರೂ ಇಂಥವರೇ. ಆಗಲೂ ಸಾಹೇಬರು ಮೀಟಿಂಗಿನಲ್ಲಿದ್ದರು. ಮೀಟಿಂಗಿನಲ್ಲಿ ಏನು ಮಾಡುತ್ತಾರೋ ಆ ದೇವರಿಗೇ ಗೊತ್ತು.

ಮೇಲಿನವರು ಬೇಗ ಒಂದು ಸುತ್ತೋಲೆ ಹೊರಡಿಸಲಿ. ಇಲ್ಲವೇ ಆ ಕೌಂಟರನ್ನೇ ಮುಚ್ಚಲಿ. ಮುಚ್ಚದಿದ್ದರೆ ಕಾಯ್ದೆ ಓದಿದವರನ್ನಾದರೂ ಕೂರಿಸಲಿ. ಸಂಬಳವಂತೂ ತಿಂಗಳು ತಿಂಗಳು ತಪ್ಪದೆ ಬರುತ್ತಿದೆಯಲ್ಲ!

– ಬೇಸತ್ತ ಸೋದರಮಾವ