ಬೆಲೆ ಕಟ್ಟುವ ಮೊದಲು ನೋಟ್ಸ್ ಓದು

ಚಿರಂಜೀವಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಲೆಕ್ಕ ನೋಡಿದೆ. ಲಾಭಕ್ಕೆ ಪಿ.ಇ. (ಷೇರಿನ ಬೆಲೆ ಲಾಭದ ಎಷ್ಟು ಪಟ್ಟು ಎಂಬ ಅಂಕಿ) ಹಾಕಿ ಷೇರು ಅಗ್ಗ ಅಂದಿದ್ದೀಯ. ಗುಣಾಕಾರ ಸರಿಯಾಗಿದೆ. ಆದರೆ ಲಾಭದ ಅಂಕಿಯನ್ನು ಸುಮ್ನೆ ನಂಬಿಬಿಟ್ಟಿದ್ದೀಯ. ನನಗೆ ಕಳವಳ ಇರುವುದು ಅಲ್ಲೇ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ಹೆಸರು ಕೇಳಿರುತ್ತೀಯ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕ ಸುಳ್ಳು ಎಂದು ಒಪ್ಪಿಕೊಂಡರು. ಆ ಪತ್ರವನ್ನು ಹುಡುಕಿ ಓದು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ವ್ಯವಹಾರದಿಂದ 649 ಕೋಟಿ ಲಾಭ ಎಂದು ತೋರಿಸಿದ್ದರು. ನಿಜಕ್ಕೂ ಬಂದದ್ದು 61 ಕೋಟಿ. ಅದರ ಮೇಲೆ ಬೆಲೆ ಕಟ್ಟಿದವರ ಲೆಕ್ಕ ಹತ್ತು ಪಟ್ಟು ತಪ್ಪಿತು, ಅಲ್ವಾ?

ಲಾಭದ ಪಕ್ಕದಲ್ಲಿ ಕ್ಯಾಷ್ ಫ್ಲೋ, ಅಂದರೆ ನಿಜವಾಗಿ ಕೈಗೆ ಬಂದು ಹೋದ ದುಡ್ಡಿನ ಲೆಕ್ಕ, ಇಟ್ಟು ನೋಡು ಅಂತ ಎಲ್ಲರೂ ಹೇಳುತ್ತಾರೆ. ಖಂಡಿತ ನೋಡು. ಮಾರಾಟಕ್ಕಿಂತ ಗಿರಾಕಿಗಳ ಬಾಕಿ ಜೋರಾಗಿ ಏರುತ್ತಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ. ಆದರೆ ಸತ್ಯಂನಲ್ಲಿ ಬ್ಯಾಂಕಿನ ದುಡ್ಡೇ ಸುಳ್ಳು. ಪುಸ್ತಕದಲ್ಲಿದ್ದ 5,361 ಕೋಟಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಇಲ್ಲದ ದುಡ್ಡಿಗೆ 376 ಕೋಟಿ ಬಡ್ಡಿಯನ್ನೂ ಬರೆದುಕೊಂಡಿದ್ದರು. ಆಡಿಟರ್ ಸಹಿಯೂ ಬಿದ್ದಿತ್ತು.

ಹಾಗಾಗಿ ದುಡ್ಡು ಎಷ್ಟಿದೆ ಎಂದು ನೋಡಿದರೆ ಸಾಲದು. ಆ ದುಡ್ಡಿನಿಂದ ಕಂಪನಿ ಏನು ಮಾಡುತ್ತಿದೆ ಎಂದು ಕೇಳು. 2008ರ ಡಿಸೆಂಬರ್ 16ರಂದು ಸತ್ಯಂ ಆಡಳಿತ ಮಂಡಳಿ, ಜಮೀನು, ರಸ್ತೆ ಕಾಮಗಾರಿ ಮಾಡುತ್ತಿದ್ದ, ರಾಜು ಕುಟುಂಬದ್ದೇ ಆದ ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತ್ತು. ಸಾಫ್ಟ್‌ವೇರ್ ಕಂಪನಿಗೆ ಅದೆಲ್ಲ ಯಾಕೆ? ಹೂಡಿಕೆದಾರರು ತಿರುಗಿಬಿದ್ದರು, ಮಂಡಳಿ ಕೈಬಿಟ್ಟಿತು. ಸುಳ್ಳು ಆಸ್ತಿಯ ಜಾಗದಲ್ಲಿ ನಿಜ ಆಸ್ತಿ ತುಂಬುವ ಕೊನೆಯ ಪ್ರಯತ್ನ ಅದು ಎಂದು ರಾಜು ಆಮೇಲೆ ಪತ್ರದಲ್ಲೇ ಬರೆದರು. ಅಂಕಿಗಳನ್ನು ಮರೆಮಾಚಿದವರು ನಡೆಯಲ್ಲಿ ಸಿಕ್ಕಿಬಿದ್ದರು. ಮಾಲೀಕರ ಸ್ವಂತ ಸಂಸ್ಥೆಗಳ ಜೊತೆಗಿನ ಇಂಥ ವಹಿವಾಟಿನ ಗುರುತು ಆನ್ಯುಯಲ್ ರಿಪೋರ್ಟಿನ ಹಿಂಬದಿಯ ನೋಟ್ಸ್‌ನಲ್ಲಿ, ಅಂದರೆ ಲೆಕ್ಕದ ಅಂಕಿಗಳಿಗೆ ಕೊಟ್ಟ ವಿವರಣೆಗಳಲ್ಲಿ, ಸಿಗುತ್ತದೆ. ನಾನಂತೂ ಓದುವುದನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಅಧ್ಯಕ್ಷರ ಭಾಷಣ, ಬಣ್ಣದ ಫೋಟೋ ಕೊನೆಗೆ ನೋಡಿದರಾಯಿತು.

ಬಡ್ಡಿ ಆದಾಯವನ್ನು, ಕಂಪನಿ ಬ್ಯಾಂಕಿನಲ್ಲಿ ಸರಾಸರಿ ಇಟ್ಟಿರುವ ದುಡ್ಡಿನಿಂದ ಭಾಗಿಸಿಯೂ ನೋಡು. ಎಫ್.ಡಿ. (ನಿಶ್ಚಿತ ಠೇವಣಿ) ದರಕ್ಕಿಂತ ತೀರಾ ಕಡಿಮೆ ಬಂದರೆ ಕಾರಣ ಹುಡುಕು.

ನೀನು ಆರಿಸಿದ ಕಂಪನಿಯ ನೋಟ್ಸ್ ನಾನೂ ಓದಿದೆ. ಮಾಲೀಕರ ಇನ್ನೊಂದು ಸಂಸ್ಥೆಗೆ ಸಾಲ ಕೊಟ್ಟಿದ್ದಾರೆ. ಎಷ್ಟು ವರ್ಷದಿಂದ ಇದೆ, ಬಡ್ಡಿ ನಿಜವಾಗಿ ಕೈಗೆ ಬಂದಿದೆಯಾ, ಪ್ರತಿ ವರ್ಷ ಬೆಳೆಯುತ್ತಿದೆಯಾ? ಹಿಂದಿನ ಐದು ರಿಪೋರ್ಟ್ ತೆಗೆದು ಇಷ್ಟನ್ನು ಬರೆದು ಕಳಿಸು. ಬೆಲೆ ಎಷ್ಟು ಅಂತ ಆಮೇಲೆ ಮಾತಾಡೋಣ.

ನಿನ್ನ ಮಾವ