ಹೂಳು ಹೊಲಕ್ಕೆ ಹೋಗುವ ಮುನ್ನ ಪರೀಕ್ಷೆಯಾಗಲಿ

ಮಾನ್ಯರೆ,

ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುವುದು ನಮ್ಮ ಭಾಗದ ಒಳ್ಳೆಯ ರೂಢಿ. ಆದರೆ ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರಿನಂಥ ಕೈಗಾರಿಕಾ ಪ್ರದೇಶಗಳ ಕೆಳಗಿನ ಹಳ್ಳ, ಕೆರೆಗಳ ಹೂಳು ಪರೀಕ್ಷೆಯಾಗದೆ ಒಂದು ಬುಟ್ಟಿಯೂ ಹೊಲ ಸೇರಬಾರದು.

ಮೇಲಿನ ಕೆಸರನ್ನಷ್ಟೇ ಬಾಚಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಲದು. ಹಳೆಯ ವಿಷ ಕೆಳಪದರದಲ್ಲಿ ಹೂತಿರಬಹುದು. ಗಟ್ಟಿ ನೆಲ ತಾಗುವವರೆಗೆ ಕೊಳವೆ ಇಳಿಸಿ, ಅದರಲ್ಲಿ ಬಂದ ಹೂಳನ್ನು 15–20 ಸೆಂ.ಮೀ. ತುಂಡುಗಳಾಗಿ ವಿಂಗಡಿಸಿ ಸೀಸ, ಕ್ರೋಮಿಯಂ, ಪಾದರಸ, ದ್ರಾವಕಗಳ ಅಂಶ ನೋಡಬೇಕು.

ನೀರಿರುವಾಗಲೇ ಜೆಸಿಬಿ ಇಳಿಸುವುದಂತೂ ದೊಡ್ಡ ತಪ್ಪು. ಗಾಳಿಯಾಡದ ಕೆಸರಿನಲ್ಲಿ ಗಂಧಕದೊಂದಿಗೆ ಬೆಸೆದುಕೊಂಡ ಲೋಹಗಳು, ಕದಡಿ ಆಮ್ಲಜನಕ ತಾಗಿದರೆ ಬಿಡಿಸಿಕೊಂಡು ನೀರಿಗಿಳಿಯುತ್ತವೆ. ಮಣ್ಣಿನ ಒಡ್ಡು ಹಾಕಿ, ಭಾಗ ಭಾಗವಾಗಿ ನೀರು ಖಾಲಿ ಮಾಡಿ ಹೂಳು ತೆಗೆಯಬೇಕು. ಅದನ್ನು ಪ್ಲಾಸ್ಟಿಕ್ ಹಾಸಿನ ಮೇಲಿಟ್ಟ, ಹೂಳನ್ನು ಹಿಡಿದು ನೀರನ್ನಷ್ಟೇ ಸೋಸಿ ಬಿಡುವ ಜಿಯೋಟೆಕ್ಸ್‌ಟೈಲ್ ಚೀಲಗಳಲ್ಲಿ ಬಸಿಯಬೇಕು. ಬಸಿದ ನೀರನ್ನೂ ಸಂಸ್ಕರಿಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮಿತಿ ಮೀರಿದ ಹೂಳು ಅಧಿಕೃತ ವಿಲೇವಾರಿ ಘಟಕಕ್ಕೇ ಹೋಗಬೇಕು.

ಇದಕ್ಕೂ ಮೊದಲು ಮೇಲಿನಿಂದ ಹರಿದುಬರುವ ತ್ಯಾಜ್ಯ ನಿಲ್ಲಲಿ, ಇಲ್ಲವಾದರೆ ಖರ್ಚೆಲ್ಲ ವ್ಯರ್ಥ. ಹೂಳೆತ್ತಿದ ಬಳಿಕ ತಳವನ್ನು ಮತ್ತೆ ಪರೀಕ್ಷಿಸಿ, ವರದಿಯನ್ನು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ.

– ಪರಿಸರ ಎಂಜಿನಿಯರುಗಳು, ಬೀದರ್